ದೊಡ್ಡ ಸಪ್ಲೈ ತಂದ ಮೇಲೆ ಎಲ್‌ಇಡಿ ಸ್ಟ್ರಿಪ್ ಕುಣಿಯೋಕೆ ಶುರು ಮಾಡಿತು, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ತಿಪಟೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್‌ನ ಫಾಲ್ಸ್ ಸೀಲಿಂಗ್ ಒಳಗೆ, ಫೋನಿನಿಂದ ಬಣ್ಣ ಬದಲಿಸುವ ಹಾಗೆ ಎಲ್‌ಇಡಿ ಸ್ಟ್ರಿಪ್ ನಾನೇ ಹಾಕಬೇಕು ಅಂತ ಹೊರಟಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ 5 ಮೀಟರ್ ಡಬ್ಲ್ಯೂಎಸ್2812ಬಿ ಸ್ಟ್ರಿಪ್ ತಂದೆ, ಮೀಟರಿಗೆ 60 ಎಲ್‌ಇಡಿ. ಜೊತೆಗೆ ಅದನ್ನು ವೈಫೈ ಮೂಲಕ ಆಡಿಸೋಕೆ ನೋಡ್‌ಎಂಸಿಯು ಅನ್ನೋ ಪುಟ್ಟ ಬೋರ್ಡ್. ಕೋಡ್ ನಾನೇ ಬರೆದೆ. ಮೊದಲ 30 ಎಲ್‌ಇಡಿ ಮಾತ್ರ ಹಳೆ ಮೊಬೈಲ್ ಚಾರ್ಜರ್‌ನಲ್ಲಿ ಉರಿಸಿ ನೋಡಿದಾಗ ಎಲ್ಲ ಸರಿಯಿತ್ತು. ಪೂರ್ತಿ ಪಟ್ಟಿಗೆ ಬೇಕು ಅಂತ 5 ವೋಲ್ಟ್, 10 ಆಂಪಿಯರ್ ಎಸ್‌ಎಂಪಿಎಸ್ (230 ವೋಲ್ಟನ್ನು 5ಕ್ಕೆ ಇಳಿಸಿ ಕೊಡುವ ಸಪ್ಲೈ) ತಂದು ಹಾಕಿದ ಮೇಲೆ ಶುರುವಾಯಿತು ನೋಡಿ. ಎಲ್‌ಇಡಿಗಳು ತಮಗೆ ತೋಚಿದ ಬಣ್ಣದಲ್ಲಿ ಮಿನುಗುತ್ತವೆ. ಪೂರ್ತಿ ಬಿಳಿ ಹಾಕಿದರೆ ಕೊನೆಯ ಒಂದೆರಡು ಮೀಟರ್ ಹಳದಿ, ಆಮೇಲೆ ಕೆಂಪು. ಫೋನಿನಲ್ಲಿ ಬಟನ್ ಒತ್ತಿದರೆ ಬಣ್ಣ ಬದಲಾಗೋಕೆ ಹತ್ತು ಸೆಕೆಂಡ್ ಹಿಡಿಯುತ್ತದೆ. ಸಪ್ಲೈ ಕೆಟ್ಟಿದ್ದು ಕೊಟ್ಟಿದ್ದಾರಾ? ವಾಪಸ್ ಕೊಡಲಾ?

ಉತ್ತರ: ಸಪ್ಲೈ ಕೆಟ್ಟಿಲ್ಲ. ಸ್ಟ್ರಿಪ್ಪೂ ಕೆಟ್ಟಿಲ್ಲ. ವಾಪಸ್ ಕೊಡೋಕೆ ಬೆಂಗಳೂರಿಗೆ ರೈಲು ಹತ್ತಬೇಡಿ. ನಿಮ್ಮ ಹಳೆ ಚಾರ್ಜರ್ ಸ್ವಲ್ಪ ಸೊರಗಿತ್ತು, ಅದಕ್ಕೇ ಪಟ್ಟಿ ಸರಿಯಾಗಿ ಉರಿಯುತ್ತಿತ್ತು. ಹೊಸದು ಗಟ್ಟಿಯಾಗಿದೆ, ಅದಕ್ಕೇ ಮಿನುಗುತ್ತಿದೆ. ಕೇಳೋಕೆ ವಿಚಿತ್ರ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿದರೆ ಸರಿಯಾಗಿ ಕೂರುತ್ತದೆ.

ಮೊದಲು ಈ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಅನ್ನೋದು ನೋಡೋಣ. ಶಾಲೆಯಲ್ಲಿ ಟೆಸ್ಟ್ ದಿನ ಮೇಷ್ಟ್ರು ಪ್ರಶ್ನೆಪತ್ರಿಕೆ ಕಟ್ಟನ್ನು ಮೊದಲ ಬೆಂಚಿನವನ ಕೈಗೆ ಕೊಡುತ್ತಾರೆ. ಅವನು ಮೇಲಿನದೊಂದು ತಾನು ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ದಾಟಿಸುತ್ತಾನೆ. ಹಿಂದಿನವನೂ ಹಾಗೇ. ನಿಮ್ಮ ಸ್ಟ್ರಿಪ್‌ನಲ್ಲಿ ನಡೆಯೋದು ಅಷ್ಟೇ. ಬೋರ್ಡ್ ಒಂದೇ ತಂತಿಯಲ್ಲಿ ಎಲ್ಲರ ಬಣ್ಣವನ್ನೂ ಸಾಲಾಗಿ ಕಳಿಸುತ್ತದೆ. ಒಂದು ಎಲ್‌ಇಡಿಗೆ 24 ಬಿಟ್ (ಒಂದೊಂದು ಬಿಟ್ ಅಂದರೆ ಒಂದು ‘ಸೊನ್ನೆ’ ಅಥವಾ ‘ಒಂದು’): ಹಸಿರಿಗೆ 8, ಕೆಂಪಿಗೆ 8, ನೀಲಿಗೆ 8. ಹೌದು, ಹಸಿರೇ ಮೊದಲು. ಕೆಂಪು ಕೇಳಿದರೆ ಹಸಿರು ಬರುತ್ತಿದೆ ಅಂತ ಯಾರಾದರೂ ತಲೆ ಕೆರೆದುಕೊಳ್ಳುತ್ತಿದ್ದರೆ ಕಾರಣ ಇದೇ, ಕೋಡ್‌ನಲ್ಲಿ ಬಣ್ಣದ ಕ್ರಮ ಬದಲಿಸಿದರೆ ಮುಗಿಯಿತು. ಮೊದಲ ಎಲ್‌ಇಡಿ ತನ್ನ 24 ಬಿಟ್ ನುಂಗಿ ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ. ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್. ಒಂದು ಎಲ್‌ಇಡಿಗೆ 30, ನಿಮ್ಮ 300 ಎಲ್‌ಇಡಿಗೆ 9 ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ ನೂರು ಸಲ ಬಣ್ಣ ಬದಲಿಸುವಷ್ಟು ಚುರುಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪ್ರತಿ ಎಲ್‌ಇಡಿ ಸಿಗ್ನಲ್ಲನ್ನು ಹೊಸದಾಗಿ ತಿದ್ದಿ ಬರೆದು ಮುಂದಕ್ಕೆ ಕೊಡುತ್ತದೆ. ಹಾಗಾಗಿ ಬೋರ್ಡಿನಿಂದ ಮೊದಲ ಎಲ್‌ಇಡಿವರೆಗಿನ ಆ ಒಂದು ತುಂಡು ತಂತಿಯಲ್ಲಿ ಮಾತು ಸರಿಯಾಗಿ ಕೇಳಿಸಿದರೆ ಸಾಕು, ಹಿಂದಿನ 299ಕ್ಕೂ ಸರಿಯಾಗಿ ತಲುಪುತ್ತದೆ. ಅಲ್ಲಿ ತಪ್ಪು ಕೇಳಿಸಿದರೆ ಎಲ್ಲರಿಗೂ ತಪ್ಪೇ.

ಈಗ ಲೆಕ್ಕ. ಡಬ್ಲ್ಯೂಎಸ್2812ಬಿ ಡೇಟಾಶೀಟ್ (ತಯಾರಕರು ಕೊಡುವ ವಿವರಪಟ್ಟಿ) ಪ್ರಕಾರ, ತನಗೆ ಬರುವ ವೋಲ್ಟೇಜಿನ ಶೇಕಡಾ 70ಕ್ಕಿಂತ ಮೇಲಿದ್ದರೆ ಮಾತ್ರ ಅದು ಸಿಗ್ನಲ್ಲನ್ನು ಖಚಿತವಾಗಿ ‘ಒಂದು’ ಅಂತ ಓದುತ್ತದೆ. 5 ವೋಲ್ಟ್ ಕೊಟ್ಟರೆ 3.5 ವೋಲ್ಟ್ ಬೇಕು. ನಿಮ್ಮ ನೋಡ್‌ಎಂಸಿಯು ಮೇಲಿರುವ ಇಎಸ್‌ಪಿ8266 ಚಿಪ್ ಎಷ್ಟು ಕೂಗಿದರೂ 3.3 ದಾಟುವುದಿಲ್ಲ. ಹಳೆ ಚಾರ್ಜರ್, ಅದರ ಸಣ್ಣ ಕೇಬಲ್, 30 ಎಲ್‌ಇಡಿ ಭಾರ, ಎಲ್ಲ ಸೇರಿ ಪಟ್ಟಿಗೆ ತಲುಪುತ್ತಿದ್ದದ್ದು 4.5 ವೋಲ್ಟ್ ಇದ್ದಿರಬೇಕು. ಅದರ ಶೇಕಡಾ 70 ಅಂದರೆ 3.15. ನಿಮ್ಮ 3.3 ದಾಟಿಕೊಂಡಿತು. ಎಸ್‌ಎಂಪಿಎಸ್ ಬಂದ ಮೇಲೆ ಪೂರ್ತಿ 5 ಸಿಕ್ಕಿತು, ಗೆರೆ 3.5ಕ್ಕೆ ಏರಿತು, ನಿಮ್ಮ ಬೋರ್ಡ್ ಫೇಲ್. ನಿಜವಾಗಿ ಬಹಳಷ್ಟು ಪಟ್ಟಿಗಳು 3.3ಕ್ಕೂ ಕೆಲಸ ಮಾಡುತ್ತವೆ, ಅದಕ್ಕೇ ವಿಡಿಯೋಗಳಲ್ಲಿ ನೇರವಾಗಿ ತಂತಿ ಸಿಕ್ಕಿಸಿ ಉರಿಸಿ ತೋರಿಸುತ್ತಾರೆ. ನಿಮ್ಮ ರೋಲ್ ಆ ಗುಂಪಿಗೆ ಸೇರಿಲ್ಲ. ಸೇರಿದ್ದರೂ ಮಳೆಗಾಲದಲ್ಲಿ ಒಂಥರಾ, ಬೇಸಿಗೆಯಲ್ಲಿ ಒಂಥರಾ ಆಡುವ ಸಂಪರ್ಕವನ್ನು ಫಾಲ್ಸ್ ಸೀಲಿಂಗ್ ಒಳಗೆ ಮುಚ್ಚಿಡೋದು ಬೇಡ.

ಇದಕ್ಕೆ ಒಂದೇ ರೂಪಾಯಿಯ ಆಸುಪಾಸಿನ ಮದ್ದು ಇದೆ. 1ಎನ್4007 ಡಯೋಡ್ ಒಂದು ತಗೊಳ್ಳಿ. ಪಟ್ಟಿಯ ಮೊದಲ ಎಲ್‌ಇಡಿಯನ್ನು ಕತ್ತರಿ ಗುರುತಿನ ಗೆರೆಯಲ್ಲಿ ಕತ್ತರಿಸಿ ಬೇರೆ ಮಾಡಿ. ಅದಕ್ಕೆ ಮಾತ್ರ ಪ್ಲಸ್ ಲೈನನ್ನು ಈ ಡಯೋಡ್ ಮೂಲಕ ಕೊಡಿ, ಬೆಳ್ಳಿ ಗೆರೆ ಎಲ್‌ಇಡಿ ಕಡೆಗಿರಲಿ. ಡಯೋಡ್ ಸುಮಾರು 0.7 ವೋಲ್ಟ್ ತಿನ್ನುತ್ತದೆ. ಆ ಒಂದು ಎಲ್‌ಇಡಿಗೆ ಸಿಗೋದು 4.3. ಅದರ ಗೆರೆ ಈಗ 3.01, ನಿಮ್ಮ 3.3 ಆರಾಮಾಗಿ ಪಾಸ್. ಅದು ತಿದ್ದಿ ಬರೆದು ಮುಂದಕ್ಕೆ ಕೊಡುವ ಸಿಗ್ನಲ್ 4.3 ವೋಲ್ಟಿನದು, ಮುಂದಿನವರಿಗೆ ಬೇಕಾದ 3.5ಕ್ಕಿಂತ ಎಷ್ಟೋ ಜಾಸ್ತಿ. ಗ್ರೌಂಡ್ ಮತ್ತು ಡೇಟಾ ಎರಡನ್ನೂ ಮೊದಲಿನ ಹಾಗೇ ಸೇರಿಸಿ. ಉಳಿದ 299ಕ್ಕೆ ಪ್ಲಸ್ ನೇರವಾಗಿ ಸಪ್ಲೈಯಿಂದ ಬರಲಿ. ಇಡೀ ಪಟ್ಟಿಯನ್ನು ಡಯೋಡ್ ಹಿಂದೆ ಹಾಕಿಬಿಡಬೇಡಿ. 1ಎನ್4007 ತಡೆಯೋದು 1 ಆಂಪಿಯರ್ ಅಷ್ಟೇ.

ನಾನು ನನ್ನ ಮನೆಯಲ್ಲಿ ಹಾಕುವುದಾದರೆ ಡಯೋಡ್ ಬಿಟ್ಟು 74ಎಎಚ್‌ಸಿಟಿ125 ಅನ್ನೋ ಐಸಿ ಹಾಕುತ್ತೇನೆ. 14 ಕಾಲಿನ ಪುಟ್ಟ ಐಸಿ. 14ನೇ ಕಾಲಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್, 1ನ್ನೂ ಗ್ರೌಂಡಿಗೆ, ಬೋರ್ಡಿನ ಡೇಟಾ 2ಕ್ಕೆ, ಪಟ್ಟಿಗೆ ಹೋಗೋದು 3ರಿಂದ. 3.3 ಒಳಗೆ ಹೋದರೆ 5 ಹೊರಗೆ ಬರುತ್ತದೆ. ಅಂಗಡಿಯಲ್ಲಿ ಕೇಳುವಾಗ ಹೆಸರಿನೊಳಗಿನ ‘ಟಿ’ ಅಕ್ಷರ ಬಿಡಬೇಡಿ. ‘ಎರಡೂ ಒಂದೇ ತಗೊಳ್ಳಿ’ ಅಂತ 74ಎಚ್‌ಸಿ125 ಕೈಗಿಟ್ಟರೆ ಬೇಡ ಅನ್ನಿ. ಟಿ ಇರುವುದಕ್ಕೆ 2 ವೋಲ್ಟ್ ಬಂದರೂ ‘ಒಂದು’ ಅಂತ ಗೊತ್ತಾಗುತ್ತದೆ, ಟಿ ಇಲ್ಲದ್ದಕ್ಕೆ ಮತ್ತೆ ಅದೇ 3.5 ಬೇಕು. ಹಾಗೇ ನಾಲ್ಕು ಚಾನೆಲ್ಲಿನ ಲೆವೆಲ್ ಕನ್ವರ್ಟರ್ ಬೋರ್ಡ್ ಅಂತ ಒಂದು ಸಿಗುತ್ತದೆ. ಸಣ್ಣ ಮಾಸ್‌ಫೆಟ್ ಇರುವಂಥದ್ದು. ಸೆನ್ಸರ್‌ಗಳಿಗೆ ಚೆನ್ನಾಗಿದೆ, ಈ ವೇಗಕ್ಕೆ ನಿಧಾನ.

ಯಾವುದನ್ನೇ ಹಾಕಿ, ಡೇಟಾ ತಂತಿಯಲ್ಲಿ ಒಂದು 330 ಓಮ್ ರೆಸಿಸ್ಟರ್ ಇರಲಿ. ಬೋರ್ಡಿನ ಗ್ರೌಂಡ್ ಮತ್ತು ಸಪ್ಲೈನ ಗ್ರೌಂಡ್ ಕಡ್ಡಾಯವಾಗಿ ಒಂದಾಗಿರಲಿ. ಬೋರ್ಡನ್ನು ಯುಎಸ್‌ಬಿಯಲ್ಲಿ, ಪಟ್ಟಿಯನ್ನು ಎಸ್‌ಎಂಪಿಎಸ್‌ನಲ್ಲಿ ಬೇರೆ ಬೇರೆ ಹಾಕಿ ಗ್ರೌಂಡ್ ಸೇರಿಸದೆ ಬಿಟ್ಟರೂ ಇದೇ ಥರ ಕುಣಿಯುತ್ತದೆ. ನೀವು ಅದನ್ನು ಬರೆದಿಲ್ಲ, ಆದರೂ ಒಮ್ಮೆ ನೋಡಿಬಿಡಿ. ಈ ಪಟ್ಟಿಗಳ ಜೊತೆ ಬರುವ ಪ್ಲಗ್‌ನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಹಸಿರು ಡೇಟಾ, ಬಿಳಿ ಗ್ರೌಂಡ್. ಹಸಿರು ಅಂದರೆ ಅರ್ತ್ ಅಂದುಕೊಂಡು ಬೆಳೆದ ನಮಗೆ ಇಲ್ಲೇ ಎಡವಟ್ಟಾಗೋದು. ತಂತಿಯ ಬಣ್ಣ ನಂಬಬೇಡಿ, ಪಟ್ಟಿಯ ಮೇಲೆ ಪ್ರಿಂಟ್ ಆಗಿರುವ ಅಕ್ಷರ ಮತ್ತು ಬಾಣದ ಗುರುತು ನೋಡಿ.

ಇನ್ನು ಹಳದಿ, ಕೆಂಪಿನ ವಿಷಯ. ಇದು ಪೂರ್ತಿ ಕರೆಂಟಿನ ಸಮಾಚಾರ.

ಒಂದು ಎಲ್‌ಇಡಿಯೊಳಗೆ ಮೂರು ಬಣ್ಣ. ಪೂರ್ತಿ ಉರಿದರೆ ಬಣ್ಣಕ್ಕೆ 20 ಮಿಲಿ ಆಂಪಿಯರ್, ಬಿಳಿಗೆ 60. 300 ಎಲ್‌ಇಡಿಗೆ 18 ಆಂಪಿಯರ್, ಅಂದರೆ 90 ವ್ಯಾಟ್. ನಾಲ್ಕು ಎಲ್‌ಇಡಿ ಟ್ಯೂಬ್‌ಲೈಟ್ ಒಟ್ಟಿಗೆ ಉರಿದ ಹಾಗೆ. ಅಷ್ಟನ್ನೂ ಆ ಕಾಗದದಂಥ ಪಟ್ಟಿಯೊಳಗಿನ ತೆಳು ತಾಮ್ರದ ಮೇಲೆ ಒಂದೇ ತುದಿಯಿಂದ ತಳ್ಳುತ್ತಿದ್ದೀರಿ. ಟ್ಯಾಂಕಿಗೆ ಹತ್ತಿರದ ನಲ್ಲಿಯಲ್ಲಿ ನೀರು ಜೋರು, ಬೀದಿಯ ಕೊನೆಯ ಮನೆಗೆ ದಾರದಷ್ಟು ಬರುತ್ತದಲ್ಲ, ಹಾಗೆ. ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಸೋತಿರುತ್ತದೆ. ಮಲ್ಟಿಮೀಟರ್ ಇದ್ದರೆ ಪೂರ್ತಿ ಬಿಳಿ ಹಾಕಿ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಅಳೆದು ನೋಡಿ. ಕೊನೆಯಲ್ಲಿ 4ಕ್ಕಿಂತ ಕೆಳಗೆ ಕಂಡರೆ ಆಶ್ಚರ್ಯವಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಿಕ್ಕರೆ ಸಾಕು. ಹಸಿರು, ನೀಲಿಗೆ 3ರ ಹತ್ತಿರ ಬೇಕು. ಮೊದಲು ನೀಲಿ ಸೋಲುತ್ತದೆ, ಬಿಳಿಯಲ್ಲಿ ನೀಲಿ ಹೋದರೆ ಉಳಿಯೋದು ಹಳದಿ. ಆಮೇಲೆ ಹಸಿರೂ ಸೋಲುತ್ತದೆ, ಕೆಂಪು ಒಂದೇ ಉಳಿಯುತ್ತದೆ. ನಿಮಗೆ ಕಂಡದ್ದು ಅದೇ ಕ್ರಮ.

ಮಾಡಬೇಕಾದ್ದು ಎರಡು ಕಡೆಯಿಂದಲೂ, ಸಾಧ್ಯವಾದರೆ ನಡುವಿನಿಂದಲೂ ಪವರ್ ಕೊಡೋದು. ಪಟ್ಟಿಯ ಎರಡೂ ತುದಿಯಲ್ಲಿ ಪ್ಲಗ್ ಜೊತೆ ಸುಮ್ನೆ ನೇತಾಡುವ ಕೆಂಪು, ಬಿಳಿ ತಂತಿ ಇರುತ್ತವಲ್ಲ, ಅವು ಇರೋದೇ ಇದಕ್ಕೆ. ಡೇಟಾ ಮಾತ್ರ ಒಂದು ತುದಿಯಿಂದ. ಸಪ್ಲೈಯಿಂದ ಪಟ್ಟಿಗೆ ಹೋಗುವ ತಂತಿಯಲ್ಲಿ ಜಿಪುಣತನ ಬೇಡ. ಮನೆ ವೈರಿಂಗಿಗೆ ತಂದ 1.5 ಚದರ ಮಿಲಿಮೀಟರ್ ತಂತಿ ಉಳಿದಿದ್ದರೆ ಅದೇ ಇರಲಿ, 2.5 ಇದ್ದರೆ ಇನ್ನೂ ಒಳ್ಳೆಯದು. ಆದರೆ ದೂರ ಇಡಬೇಡಿ. 1.5ರ ತಂತಿಯಲ್ಲಿ ಸಪ್ಲೈ 2 ಮೀಟರ್ ದೂರವಿದ್ದು 10 ಆಂಪಿಯರ್ ಹರಿದರೆ, ಹೋಗಿ ಬರುವ 4 ಮೀಟರಿನಲ್ಲೇ ಹತ್ತಿರ ಹತ್ತಿರ ಅರ್ಧ ವೋಲ್ಟ್ ಮಾಯ. 230 ವೋಲ್ಟಿನಲ್ಲಿ ಅರ್ಧ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 5ರಲ್ಲಿ ಹೋದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಪಟ್ಟಿಯ ಬಾಯಲ್ಲಿ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ, 10 ವೋಲ್ಟಿನದು ಸಾಕು.

ಇಷ್ಟು ಮಾಡಿದರೂ ನಿಮ್ಮದು 10 ಆಂಪಿಯರ್ ಸಪ್ಲೈ, ಪಟ್ಟಿ ಕೇಳೋದು 18. ಹಾಗಂತ ಇನ್ನೊಂದು ಸಪ್ಲೈಗೆ ದುಡ್ಡು ಹಾಕಬೇಡಿ. ಹಾಲ್‌ನಲ್ಲಿ 90 ವ್ಯಾಟ್ ಬಿಳಿ ಬೆಳಕು ಹಾಕಿಕೊಂಡು ಯಾರು ಕೂರುತ್ತಾರೆ? ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ. ಕರೆಂಟ್ ಅರ್ಧವಾಗುತ್ತದೆ, ಕಣ್ಣಿಗೆ ಮಾತ್ರ ಮುಕ್ಕಾಲು ಭಾಗ ಉರಿದ ಹಾಗೇ ಕಾಣುತ್ತದೆ. ನಮ್ಮ ಕಣ್ಣು ಬೆಳಕನ್ನು ತಕ್ಕಡಿ ಹಿಡಿದು ಅಳೆಯುವುದಿಲ್ಲ. ಇದು ನಮಗೆ ಲಾಭ.

ಮೂರನೆಯದು ಹತ್ತು ಸೆಕೆಂಡಿನ ತಡ. ನೀವು ಕೋಡ್ ಕಳಿಸಿಲ್ಲ, ಆದರೂ ಒಳಗೆ ಏನಿದೆ ಅಂತ ಹೇಳಬಲ್ಲೆ. ರೇನ್‌ಬೋ ಎಫೆಕ್ಟ್‌ಗೆ ಒಂದು ಫಾರ್ ಲೂಪ್, ಅದರೊಳಗೆ ಡಿಲೇ (ಸುಮ್ಮನೆ ಕಾಯಿಸುವ ಆಜ್ಞೆ), ಅಲ್ವಾ? ಆ ಲೂಪ್ ಮುಗಿಯುವವರೆಗೆ ನಿಮ್ಮ ವೆಬ್ ಸರ್ವರ್ ಬಾಗಿಲು ತೆಗೆಯುವುದಿಲ್ಲ. ಡಿಲೇ ನಡೆಯುವಾಗ ಚಿಪ್ ವೈಫೈ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆ, ಅದಕ್ಕೇ ಫೋನಿನಲ್ಲಿ ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ. ನಿಮ್ಮ ಬಟನ್ನಿನ ಮಾತು ಮಾತ್ರ ಹೊಸಿಲಲ್ಲಿ ನಿಂತು ಕಾಯುತ್ತದೆ. ಸರಿಯಾದ ದಾರಿ ಅಂದರೆ ಡಿಲೇ ತೆಗೆದುಹಾಕಿ, ಮಿಲಿಸ್ (ಬೋರ್ಡಿನ ಒಳಗಿನ ಗಡಿಯಾರ) ನೋಡಿಕೊಂಡು ಒಂದೊಂದೇ ಹೆಜ್ಜೆ ಬಣ್ಣ ಬದಲಿಸುತ್ತಾ, ಪ್ರತಿ ಸುತ್ತಿಗೂ ಒಮ್ಮೆ ಸರ್ವರ್ ಕಡೆ ನೋಡೋದು. ಕಲಿಯುವ ಆಸೆ ಇದ್ದರೆ ಇದನ್ನು ಒಮ್ಮೆ ಕೈಯಾರೆ ಮಾಡಿ. ಒಂದು ಭಾನುವಾರ ಸಾಕು.

ಮನೆಗೆ ಲೈಟ್ ಬೇಕು ಅಷ್ಟೇ ಅನ್ನುವುದಾದರೆ ಕೋಡ್ ಬರೆಯಲೇಬೇಡಿ. ಡಬ್ಲ್ಯೂಎಲ್‌ಇಡಿ ಅನ್ನೋ ಓಪನ್ ಸೋರ್ಸ್ ಫರ್ಮ್‌ವೇರ್ (ಬೋರ್ಡಿನೊಳಗೆ ಕೂರುವ ಪ್ರೋಗ್ರಾಂ) ಇದೆ, ಉಚಿತ. ನೂರಕ್ಕೂ ಜಾಸ್ತಿ ಎಫೆಕ್ಟ್, ಟೈಮರ್, ಫೋನ್ ಆಪ್, ಎಲ್ಲ ಸಿದ್ಧವಾಗಿದೆ. ಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕ್ರೋಮ್ ಬ್ರೌಸರಿನಲ್ಲಿ ಅವರ ಇನ್‌ಸ್ಟಾಲ್ ಪುಟ ತೆರೆದು ಬಟನ್ ಒತ್ತಿದರೆ ಬೋರ್ಡಿಗೆ ಇಳಿಯುತ್ತದೆ. ಕಂಪ್ಯೂಟರಿಗೆ ಬೋರ್ಡ್ ಕಾಣಿಸುತ್ತಲೇ ಇಲ್ಲ ಅಂದರೆ ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಆಗುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಪ್ರತಿ ಮನೆಯಲ್ಲೂ ಒಂದು ಇರುತ್ತವೆ. ಆಮೇಲೂ ಕಾಣದಿದ್ದರೆ ಬೋರ್ಡಿನ ಯುಎಸ್‌ಬಿ ಚಿಪ್ಪನ್ನು ಕಂಪ್ಯೂಟರಿಗೆ ಪರಿಚಯಿಸುವ ಸಿಎಚ್340 ಡ್ರೈವರ್ ಹಾಕಿ ನೋಡಿ. ಒಂದು ಮಾತು, ಯುಎಸ್‌ಬಿ ಸಿಕ್ಕಿಸಿರುವಾಗ ಎಸ್‌ಎಂಪಿಎಸ್‌ನ 5 ವೋಲ್ಟ್ ಬೋರ್ಡಿಗೆ ಬರದ ಹಾಗೆ ಬಿಡಿಸಿಟ್ಟಿರಿ.

ಹಾಕಿದ ಮೇಲೆ ಬೋರ್ಡ್ ತನ್ನದೇ ಒಂದು ವೈಫೈ ತೆರೆಯುತ್ತದೆ. ಫೋನಿನಲ್ಲಿ ಅದಕ್ಕೆ ಸೇರಿ 4.3.2.1 ಅಂತ ಟೈಪ್ ಮಾಡಿದರೆ ಪುಟ ಬರುತ್ತದೆ. ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ, ಪುಟ ತೆರೆಯುವುದೇ ಇಲ್ಲ. ಆ ಐದು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿಡಿ. ನಿಮ್ಮ ಮನೆ ವೈಫೈ ಹೆಸರು ಕೊಡುವಾಗ 2.4 ಗಿಗಾಹರ್ಟ್ಸ್‌ನದ್ದೇ ಕೊಡಿ. ಇಎಸ್‌ಪಿ8266ಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಡೇಟಾ ತಂತಿ ಬೋರ್ಡಿನ ಡಿ4 ಪಿನ್ನಿಗೆ ಹಾಕಿ. ಆ ಪಿನ್ನಿನ ಮೇಲೇ ಬೋರ್ಡಿನ ಪುಟ್ಟ ನೀಲಿ ದೀಪವೂ ಇರುವುದರಿಂದ ಅದೂ ಮಿನುಗುತ್ತದೆ, ಗಾಬರಿಯಾಗಬೇಡಿ.

ಸೆಟ್ಟಿಂಗಿನಲ್ಲಿ ಎಲ್‌ಇಡಿ ಸಂಖ್ಯೆ 300 ಅಂತ ಕೊಟ್ಟು, ಕರೆಂಟ್ ಮಿತಿ ಅನ್ನುವಲ್ಲಿ 8000 ಮಿಲಿ ಆಂಪಿಯರ್ ಬರೆಯಿರಿ. ಶುರುವಿನಲ್ಲಿ ಅಲ್ಲಿ 850 ಇರುತ್ತದೆ. ಅದನ್ನು ಬದಲಿಸದೆ ‘ಲೈಟೇ ಸಾಲುತ್ತಿಲ್ಲ’ ಅಂತ ದೂರು ಬರೆಯುವವರಿದ್ದಾರೆ. ನಿಮ್ಮ ಸಪ್ಲೈ 10ರದ್ದಾದರೂ 8 ಯಾಕೆ ಅಂದರೆ, ದಿನಾ ಗಂಟೆಗಟ್ಟಲೆ ಉರಿಯುವ ಎಸ್‌ಎಂಪಿಎಸ್ಸನ್ನು ತುದಿಗೆ ಓಡಿಸಬಾರದು. ಇನ್ನೊಂದು ತಿಳಿದಿರಲಿ. ಈ ಮಿತಿ ನಿಜವಾದ ಕರೆಂಟನ್ನು ಅಳೆಯುವುದಿಲ್ಲ. ಯಾವ ಎಲ್‌ಇಡಿಗೆ ಯಾವ ಬಣ್ಣ ಹೇಳಿದ್ದೇನೆ, ಎಷ್ಟು ಆಗಬಹುದು ಅಂತ ಬಾಯಿಲೆಕ್ಕ ಹಾಕಿ ಬ್ರೈಟ್‌ನೆಸ್ ಇಳಿಸುತ್ತದೆ. ಎಲ್ಲೋ ತಂತಿ ತಾಗಿ ಶಾರ್ಟ್ ಆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಫ್ಯೂಸ್ ಬೇಕು. ಕಾರು, ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ 10 ಆಂಪಿಯರ್ ಬ್ಲೇಡ್ ಫ್ಯೂಸ್ ಮತ್ತು ಹೋಲ್ಡರ್ ತಂದು ಎಸ್‌ಎಂಪಿಎಸ್‌ನ ಪ್ಲಸ್ ತಂತಿಯಲ್ಲಿ ಹಾಕಿ.

ಮೇಲಕ್ಕೆ ಏರಿಸುವ ಮುಂಚೆ ಎಲ್ಲವನ್ನೂ ನೆಲದ ಮೇಲೆ ಹಾಸಿ ಒಂದು ಗಂಟೆ ಉರಿಸಿ. ಸಪ್ಲೈ ಟರ್ಮಿನಲ್ ಮತ್ತು ಬೆಸುಗೆ ಹಾಕಿದ ಜಾಗಗಳನ್ನು ಗಮನಿಸಿ. ಎಲ್ಲಾದರೂ ಬಿಸಿ ಹತ್ತಿದೆ ಅಂದರೆ ಅಲ್ಲಿ ಸಂಪರ್ಕ ಸಡಿಲ ಇದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಆಮೇಲೇ ಮುಟ್ಟಿ. ಎಸ್‌ಎಂಪಿಎಸ್‌ನ ಸ್ಕ್ರೂ ಸಾಲಿನಲ್ಲಿ 5 ವೋಲ್ಟಿನ ಪಕ್ಕದಲ್ಲೇ 230 ಕೂತಿರುತ್ತದೆ.

ನನ್ನದೂ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಪಕ್ಕದ ಮನೆಯ ಗೃಹಪ್ರವೇಶಕ್ಕೆ ಮಂಟಪದ ಸುತ್ತ ಇಂಥದ್ದೇ ಪಟ್ಟಿ ಕಟ್ಟುತ್ತಿದ್ದೆ. ಸಿಸಿ ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್ ಅಲ್ಲೇ ಬಿದ್ದಿತ್ತು. ಜ್ಯಾಕ್ ಒಂದೇ ಥರ, ಕಪ್ಪು ಬಣ್ಣ ಒಂದೇ ಥರ. ಸಿಕ್ಕಿಸಿದೆ. ಒಂದು ಕ್ಷಣ ಜೋರಾಗಿ ಹೊಳೆದು, ಸಣ್ಣಗೆ ಸುಟ್ಟ ವಾಸನೆ ಬಂತು, ಅಷ್ಟೇ. ಶುರುವಿನ ಎಲ್‌ಇಡಿಗಳೆಲ್ಲ ಸತ್ತಿದ್ದವು. ಪುರೋಹಿತರು ಹೋಮದ ವಾಸನೆ ಅಂದುಕೊಂಡರು. ಸಂಜೆ ಹೊತ್ತಿಗೆ ಅವರ ಮನೆಗೆ ಬಾಡಿಗೆ ಸೀರಿಯಲ್ ಸೆಟ್ ಬಂತು. ಆವತ್ತಿನಿಂದ ನನ್ನ ಎಲ್ಲ ಅಡಾಪ್ಟರ್ ಮೇಲೂ ಬಿಳಿ ಟೇಪ್ ಅಂಟಿಸಿ ವೋಲ್ಟೇಜ್ ಬರೆದಿಟ್ಟಿದ್ದೇನೆ.

ಫಾಲ್ಸ್ ಸೀಲಿಂಗ್ ಒಳಗೆ ಎಸ್‌ಎಂಪಿಎಸ್ ಇಡುವುದಾದರೆ, ಕೈ ಹಾಕಿ ತೆಗೆಯುವಷ್ಟು ದೊಡ್ಡ ಬಾಗಿಲು ಬಿಟ್ಟಿರಬೇಕು. 230 ವೋಲ್ಟಿನ ಸಂಪರ್ಕ ಮತ್ತು ಅರ್ತ್ ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ಟೇಪ್ ಸುತ್ತಿ ಬಿಡಬೇಡಿ. ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ಗೆ ನಮ್ಮ ಕಡೆ ದೊಡ್ಡ ಶತ್ರು ಹಲ್ಲಿ. ಬೆಚ್ಚಗಿರುತ್ತದೆ ಅಂತ ಒಳಗೆ ಸೇರಿ, ತಾನೂ ಸಾಯುತ್ತದೆ, ಸಪ್ಲೈಯನ್ನೂ ಸಾಯಿಸುತ್ತದೆ. ಗಾಳಿ ಆಡುವ, ಹಲ್ಲಿ ನುಗ್ಗದ ಸಣ್ಣ ತೂತಿನ ಪೆಟ್ಟಿಗೆಯಲ್ಲಿಡಿ. ಬೋರ್ಡನ್ನು ಮಾತ್ರ ಆ ತಗಡಿನ ಪೆಟ್ಟಿಗೆಗೆ ಹಾಕಬೇಡಿ, ವೈಫೈ ಸತ್ತುಹೋಗುತ್ತದೆ. ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಸಾಕು, ಪಟ್ಟಿಯ ಬಾಯಿಂದ ಒಂದು ಗೇಣು ದೂರದಲ್ಲಿ. ಡೇಟಾ ತಂತಿ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಬಟನ್ನಿಗೆ ತಂತಿ ಎಳೆಯುವ ಕೆಲಸವನ್ನು ವೈಫೈ ತಪ್ಪಿಸಿರುವಾಗ ಬೋರ್ಡ್ ಕೆಳಗೆ ಸ್ವಿಚ್ ಹತ್ತಿರ ಇರಬೇಕಾದ ಅಗತ್ಯವೇ ಇಲ್ಲ.

ಪಟ್ಟಿಯನ್ನು ನೇರವಾಗಿ ಪಿಒಪಿ ಮೇಲೆ ಅಂಟಿಸಿದರೆ ಕೆಲವು ತಿಂಗಳಲ್ಲಿ ಜೋತುಬೀಳುತ್ತದೆ. ಅಲ್ಯೂಮಿನಿಯಂ ಚಾನೆಲ್ ಹಾಕಿಸಿ, ಬಿಸಿಯೂ ಅದಕ್ಕೆ ಹೋಗುತ್ತದೆ. ಯಾವತ್ತೋ ಒಂದು ದಿನ ಅರ್ಧ ಪಟ್ಟಿ ಕತ್ತಲಾದರೆ ಪೂರ್ತಿ ಬದಲಿಸಬೇಡಿ. ಪ್ರಶ್ನೆಪತ್ರಿಕೆ ಕಟ್ಟು ಯಾರೋ ಒಬ್ಬನ ಹತ್ತಿರ ನಿಂತಿದೆ ಅಷ್ಟೇ. ಉರಿಯುತ್ತಿರುವ ಕೊನೆಯ ಎಲ್‌ಇಡಿ ಅಥವಾ ಅದರ ಮುಂದಿನದು, ಇಬ್ಬರಲ್ಲಿ ಒಬ್ಬ ಕಳ್ಳ. ಆ ಎರಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಎರಡು ಎಲ್‌ಇಡಿ ಬೆಸುಗೆ ಹಾಕಿ, ಬಾಣದ ದಿಕ್ಕು ನೋಡಿಕೊಂಡು. ಇದಕ್ಕೇ ಅಂತ ಅರ್ಧ ಮೀಟರ್ ಪಟ್ಟಿ ಎತ್ತಿಟ್ಟಿರಿ.

ಆ ಮೇಲಿನ ಸಂಪರ್ಕಕ್ಕೆ ಗೋಡೆಯಲ್ಲಿ ಒಂದು ಮಾಮೂಲಿ ಸ್ವಿಚ್ಚೂ ಇರಲಿ. ಫೋನಿನಲ್ಲಿ ಆಫ್ ಮಾಡಿದರೂ ಪ್ರತಿ ಎಲ್‌ಇಡಿಯೊಳಗಿನ ಚಿಪ್ ಎಚ್ಚರವಾಗೇ ಇರುತ್ತದೆ. ಒಂದಕ್ಕೆ 1 ಮಿಲಿ ಆಂಪಿಯರ್ ಒಳಗೇ, ಆದರೆ 300 ಇವೆ. ಊರಿಗೆ ಹೋಗುವಾಗ ಸ್ವಿಚ್ ಆರಿಸಿ ಹೋಗಿ. ಮನೆಗೆ ಬಂದ ನೆಂಟರಿಗೂ ಲೈಟ್ ಆರಿಸೋಕೆ ನಿಮ್ಮ ಫೋನ್ ಕೇಳುವ ಕಷ್ಟ ಇರುವುದಿಲ್ಲ.